ಗ್ಯಾಸ್ ಮುಗದೈತಿ

ಸ್ಟೇಶನ್ ರೋಡಿನ ಮಗ್ಗಲಕ ನನ್ನ ಅಂಗಡಿ.
ಸುಟ್ಟ ಮೋಟಾರು ತರತಾರ ಮಂದಿ,
ತಾಮ್ರದ ತಂತಿ ಬಿಚ್ಚಿ, ಸುತ್ತು ಎಣಿಸಿ, ಮತ್ತ ಸುತ್ತತೀನಿ.
ಮಿಕ್ಸರ್, ಬೋರಿನ ಪಂಪು, ಮದವ್ಯಾಗ ಬಂದ ಟೇಬಲ್ ಫ್ಯಾನು,
ಎಲ್ಲಿ ಸುಟ್ಟೈತಿ ಅಂತ ಮೂಗಿಲೇ ಹೇಳತೀನಿ.

ಮಗ ಮಾತು ಬಿಟ್ಟಾಗ ಮಾತ್ರ ವಾಸನಿ ಹತ್ತಲಿಲ್ಲ.

ಸಾವಳಗೀಶ, ಎಂಟನೇತ್ತ.
ಶ್ರಾವಣದಾಗ ಮುಚ್ಚಿದ ಬಾಯಿ ದೀಪಾವಳಿಗೂ ತಗೀಲಿಲ್ಲ.
ಸಾಲ್ಯಾಗ ಮಾತಾಡತಾನಂತ,
ಔಟೋ ನಾಟೌಟೋ ಅಂತ ಜಗಳಾ ತಗೀತಾನಂತ,
ಮನಿ ಹೊಚ್ಚಲ ದಾಟಿದ್ರ ಸ್ವಿಚ್ ಆಫ್.

ತಾಯತ ಕಟ್ಟಿಸಿದ್ವಿ. ಗಂಟಲ ಡಾಕ್ಟರು ಟಾರ್ಚ್ ಬಿಟ್ಟು
'ಒಳಗ ಏನಿಲ್ರಿ' ಅಂದು ನಾನೂರು ತಗೊಂಡರು.
ಕಡೀಕ ಜಲನಗರದ ಮೇಡಮ್ಮರ ಹಂತ್ಯಾಕ ಒಯ್ದೆ,
ಮಂದಿ ನನ್ನ ಹಂತ್ಯಾಕ ಮಿಕ್ಸರ್ ತಂದಂಗ:
ಬಿಟ್ಟು ಹೋಗತೀನ್ರಿ, ಸಂಜಿಕ ಬರತೀನಿ.

'ಎಲ್ಲಾರೂ ಬರ್ರಿ' ಅಂದರು. 'ಅವರವ್ವ, ಅಜ್ಜಿ ಕೂಡ.'
'ಕೆಟ್ಟದ್ದು ಒಂದರೀ, ಇಡೀ ಮನಿ ಯಾಕ?'
'ಫ್ಯಾನ್ ತಿರಗಲಿಲ್ಲಂದ್ರ ನೀವು ಫ್ಯಾನ್ ಅಷ್ಟ ನೋಡತೀರೇನ್ರಿ?'
'ಮೊದಲ ಲೈನ್ ನೋಡತೀನ್ರಿ' ಅಂದೆ.
ಅಂದ ಮ್ಯಾಲ ನಾಲಿಗಿ ಕಚಗೊಂಡೆ.

ಗುರುವಾರ ಐದು ಗಂಟೆ, ಪ್ಲಾಸ್ಟಿಕ್ ಕುರ್ಚಿ ನಾಕು.
ನಾನೂ ಅಕಿ ಎರಡು ತುದಿ, ನಡುವ ಹುಡುಗ,
ಅವ್ವ ಬಾಗಿಲ ಹತ್ರ, ಚಪ್ಪಲಿ ಕಾಯ್ದಂಗ.
ಯಾರೂ ಹಿಂಗ ಕೂಡ್ರಿಸಿರಲಿಲ್ಲ. ನಾವ ಕುಂತಿದ್ವಿ.
ಹುಡುಗನ್ನ ಬಿಟ್ಟು ಅವ್ವನ್ನ ಕೇಳಿದರು:
'ಸೊಸಿಗಿ ಸಿಟ್ಟು ಬಂದ್ರ ನಿಮ್ಮ ಮಗ ಏನ್ ಮಾಡತಾರ?'
'ಅಂಗಡಿಗಿ ಹೋಗತಾನ.'
'ಅವರು ಹೋದ್ರ ಸೊಸಿ?'
'ಈ ಹುಡುಗನ್ನ ಕರೀತಾಳ.'
'ಕರದು?'
ಅವ್ವ ಸೆರಗು ಬಾಯಿಗಿ ಒತ್ತಿದಳು.

ಹೇಳೇ ಬಿಡತೀನಿ.
ಮೂರು ವರ್ಷದ ಹಿಂದ ಅಕಿ ತಂಗಿ ಬಾಣಂತನಕ್ಕ
ತಾಳಿಕೋಟಿಗಿ ಹೋದಾಗ
ಅಕಿ ಹೊಲಿಗಿ ಮಷೀನ್ ಮಾರಿ ತಾಮ್ರದ ಬಂಡಲ್ ತಂದೆ.
ಆರು ಸಾವಿರದ ಇನ್ನೂರು. ಕೇಳಿರಲಿಲ್ಲ.
ಬಂದಾಕಿ ಮಷೀನ್ ಇದ್ದ ಜಾಗಾ ಒರಸಿದಳು, ಅಷ್ಟ.
ಅವತ್ತಿಂದ ನಮ್ಮ ಮನ್ಯಾಗ ಮಾತು ಹರಿಯೂದು ಹಿಂಗ:
'ಸಾವಳ್ಯಾ, ನಿಮ್ಮಪ್ಪಗ ಹೇಳು, ಗ್ಯಾಸ್ ಮುಗದೈತಿ.'
'ನಿಮ್ಮವ್ವಗ ಹೇಳು, ಬುಕ್ ಮಾಡೀನಿ.'
'ಕೇಳು, ಉಣ್ಣಲಾಕ ಬರತಾರೋ ಇಲ್ಲೋ.'
'ಹೇಳು, ಹಸಿವಿಲ್ಲ.'

ಗುಮ್ಮಟದ ಗ್ವಾಡಿಗಿ ಕಿವಿ ಇಟ್ರ
ಆ ತುದಿ ಪಿಸುಮಾತು ಈ ತುದಿಗಿ ಮುಟ್ಟತೈತಿ,
ಬಂದ ಬೀಗರಿಗೆಲ್ಲಾ ತೋರಸ್ತೀವಿ.
ನಮ್ಮ ಹತ್ತಡಿ ಅಡಗಿಮನಿಗಿ ಹುಡುಗ ಬೇಕಾಗಿದ್ದ.
ಮೂವತ್ತಾರು ಗೇಜಿನ ತಂತಿ, ಕೂದಲಷ್ಟ ಸಣ್ಣದು,
ಎರಡೂ ಕಡಿಂದ ಲೋಡ್ ಹಾಕಿದ್ವಿ.
ಸುಡಲಿಲ್ಲ. ಶಾಣ್ಯಾ ತಂತಿ,
ತನ್ನನ್ನ ತಾನ ಕಟ್ ಮಾಡಕೊಂತು.

ಮುಂದಿನ ವಾರ ಹುಡುಗನ್ನ ಕಿಟಕಿ ಹತ್ರ ಕಳಿಸಿದರು.
'ಈಗ ನೀವಿಬ್ಬರ ಮಾತಾಡ್ರಿ.'
ಮ್ಯಾಲ ಫ್ಯಾನು ಕಿರ್ರ ಅನ್ನತಿತ್ತು, ಬೇರಿಂಗ್ ಹೋಗೈತಿ,
ಅದನ್ನ ನೋಡಕೋತ ಕುಂತೆ.
ಅಕಿ ಅಂದಳು, ನನ್ನ ಮಾರಿ ನೋಡಿ:
'ಬಾಬಿನ್ ಕೇಸ್ ನನ್ನ ಹಂತ್ಯಾಕನ ಐತಿ.
ಮಾರುವಾಗ ಅದು ಇಲ್ಲಂತ ನಿಮಗ ಗೊತ್ತಾಗಲಿಲ್ಲ.'
ತಪ್ಪಾತು ಅನಬೇಕಿತ್ತು.
'ಹಂಗಾರ ಕೊಂಡಂವ ಹೆಂಗ ನಡಸ್ಯಾನ?' ಅಂದೆ.
ಹುಡುಗ ಕಿಟಕಿ ಕಡೆ ಮಾರಿ ಮಾಡಿ ನಕ್ಕ. ಸಣ್ಣದು, ಸೀನಿದಂಗ.

'ಎಲ್ಲಾ ಮನಿಗೂ ಇದು ನಡೀತೈತೇನ್ರಿ?' ಕೇಳಿದೆ ಒಮ್ಮೆ.
'ಹೊಡತ ಬಡತ ಇರೂ ಮನಿಯವರನ್ನ ಹಿಂಗ ಕೂಡ್ರಸಂಗಿಲ್ರಿ,
ಅಲ್ಲಿ ಮೊದಲಿನ ಕೆಲಸ ಬ್ಯಾರೆ.
ಸಿಟ್ಟು ಉಳದಿದ್ರ ನಡೀತೈತಿ. ಸಿಟ್ಟೂ ಸತ್ತಲ್ಲಿ ಕಷ್ಟ.'

ಮೂರನೇ ವಾರಕ್ಕ ಅವ್ವ ಬಿಟ್ಟಳು,
ಮನಿ ಮಾತು ಮಂದಿ ಮುಂದ ಯಾಕ ಅಂತ.
ಮಷೀನ್ ಕೊಂಡಂವ ಸಿಂದಗ್ಯಾಗ ಅದಾನ, ಫೋನ್ ಎತ್ತವಲ್ಲ.

ನಿನ್ನೆ ರಾತ್ರಿ ಅಡಗಿಮನಿ ಬಾಗಿಲದಾಗ ಅಕಿ ನಿಂತಳು.
'ಗ್ಯಾಸ್ ಮುಗದೈತಿ.'
ರೂಢಿ ನೋಡ್ರಿ, ನಾ ಹುಡುಗನ ಕಡೆ ತಿರಗಿದೆ.
ಅಂವ ಲೆಕ್ಕದ ಪುಸ್ತಕದಿಂದ ತಲಿ ಎತ್ತಲಿಲ್ಲ.
'ನನ್ನೇನ್ ನೋಡತೀಯಪಾ' ಅಂದ.